ಮಿಕ್ಕಿದ ಹಣದ ಪುರಾವೆ ಕೇಳಿದವರಿಗೆ

ನನ್ನ ತಾಯಿಯ ಕಡತವನ್ನು ಮುಂದಿಟ್ಟುಕೊಂಡು ಕೂತಿರುವ ಉತ್ತರಾಧಿಕಾರ ತೆರಿಗೆಯ ಪರಿಶೀಲನಾಧಿಕಾರಿಗಳೇ,

ತೀರಿಹೋದ ನನ್ನ ತಾಯಿ ಮುರಿಯಲ್ ಪೆನ್‌ಫೋಲ್ಡ್ ಕಳೆದ ಏಳು ವರ್ಷಗಳಲ್ಲಿ ದಿನಸಿಗೆಷ್ಟು, ಪ್ರವಾಸಕ್ಕೆಷ್ಟು, ಹೀಟರಿಗೆಷ್ಟು ಖರ್ಚು ಮಾಡಿದರೆಂಬ ಲೆಕ್ಕವನ್ನು ನಾನು ಒದಗಿಸಲಿಲ್ಲ. ಆದ್ದರಿಂದ ಅವರು ಮಗನಿಗೆ ತಿಂಗಳು ತಿಂಗಳು ಕೊಟ್ಟ ಹಣವನ್ನೂ ಆಸ್ತಿಗೆ ಸೇರಿಸಿ ತೆರಿಗೆ ಹಾಕುವುದಾಗಿ ಬರೆದಿದ್ದೀರಿ. ಊರಿನ ಹುಚ್ಚು ದರದಿಂದಾಗಿ ಅವರ ಪುಟ್ಟ ಮನೆಯೊಂದೇ ನಿಮ್ಮ ತೆರಿಗೆ ವಿನಾಯಿತಿಯ ಮಿತಿಯನ್ನು ದಾಟಿಬಿಟ್ಟಿದೆ. ಈಗ ಅದರ ಮೇಲೆ ಇನ್ನೂ ಹದಿನೈದು ಸಾವಿರ ಪೌಂಡು. ಅದು ಹೋಗುವುದು ಪಾರ್ಶ್ವವಾಯು ಹೊಡೆದು ಕೆಲಸ ಕಳೆದುಕೊಂಡಿರುವ ನನ್ನ ತಮ್ಮ ಲಾರೆನ್ಸ್‌ನ ಪಾಲಿನಿಂದ, ಅವನ ಮನೆ ಬಾಡಿಗೆಯಿಂದ. ಪತ್ರದ ಕೊನೆಯಲ್ಲಿ ‘ನಮ್ಮ ಸಂತಾಪಗಳನ್ನು ಸ್ವೀಕರಿಸಿ’ ಎಂದಿದ್ದೀರಿ. ಸ್ವೀಕರಿಸಿದ್ದೇನೆ. ಅದಕ್ಕೂ ರಸೀದಿ ಬೇಕೇ?

ನಿಮ್ಮ ಕಾನೂನನ್ನು ನಾನೂ ಓದಿದ್ದೇನೆ. ವರಮಾನದಲ್ಲಿ ಮಿಕ್ಕಿದ ಹಣವನ್ನು ನಿಯಮಿತವಾಗಿ ಕೊಡುತ್ತಿದ್ದರೆ, ಕೊಟ್ಟ ಮೇಲೂ ಕೊಟ್ಟವರು ಎಂದಿನಂತೆಯೇ ಬದುಕಿದ್ದರೆ ಆ ಹಣಕ್ಕೆ ತೆರಿಗೆಯಿಲ್ಲ. ಹಾಗೆಂದು ಸಾಬೀತು ಮಾಡಲು ವರ್ಷವರ್ಷದ ಜಮಾಖರ್ಚು ಬೇಕು. ಮಾನ್ಯರೇ, ನೀವು ಇಂಗ್ಲೆಂಡಿನಲ್ಲಿ ಬೆಳೆದವರು ತಾನೇ? ನಿಮ್ಮ ಮನೆಯ ಊಟದ ಮೇಜಿನಲ್ಲಿ ಯಾರಾದರೂ ದುಡ್ಡಿನ ಮಾತೆತ್ತಿದ್ದುಂಟೇ? ನಾನು ಒಂದು ಭಾನುವಾರ ಎತ್ತಿದೆ. ಮಾಂಸ ಬಡಿಸುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು.

“ಅಮ್ಮಾ, ಎಷ್ಟು ಬರುತ್ತೆ, ಎಷ್ಟು ಹೋಗುತ್ತೆ, ಒಂದು ಕಡೆ ಬರೆದಿಡೋಣ್ವಾ?”

“ಯಾಕೆ, ನಾನು ಯಾವಾಗ ಸಾಯ್ತೀನಿ ಅಂತ ಕಾಯ್ತಿದೀಯಾ?”

“ಮುಂದೆ ತೆರಿಗೆಯವ್ರು ಕೇಳ್ತಾರಂತೆ, ಅದಕ್ಕೆ.”

“ಕ್ಯಾರೆಟ್ ತಣ್ಣಗಾಗ್ತಿದೆ. ಬಾಯಿ ಮುಚ್ಕೊಂಡು ತಿನ್ನು.”

ಇನ್ನು ಮನೆಯಲ್ಲಿದ್ದ ಕಾಗದಗಳ ಕಥೆ. ವಂಚಕರ ಕೈಗೆ ಸಿಗದಂತೆ ಹಳೆಯ ಬಿಲ್ಲು, ಲೆಕ್ಕಪತ್ರಗಳನ್ನು ಚೂರು ಮಾಡಿ ಎಂದು ಯಾರೋ ಕರಪತ್ರ ಹಂಚಿದ್ದರು. ಅಮ್ಮ ನಿವೃತ್ತ ಮುಖ್ಯೋಪಾಧ್ಯಾಯಿನಿ, ಅಚ್ಚಾಗಿ ಬಂದ ಆಜ್ಞೆಯನ್ನು ಮೀರಿದವರಲ್ಲ. ಚೂರು ಮಾಡುವ ಯಂತ್ರವನ್ನೇ ಕೊಂಡರು. ನವೆಂಬರ್ ಐದರ ಬೆಂಕಿ ಹಬ್ಬಕ್ಕೆ ನಮ್ಮ ಬೀದಿಯವರು ಸುಡುವ ಗೈ ಬೊಂಬೆಯ ಹೊಟ್ಟೆ ತುಂಬಿಸುವ ಜವಾಬ್ದಾರಿಯೂ ಅವರದೇ. ಹುಲ್ಲು ತರುವುದೇಕೆ, ಕಾಗದದ ಚೂರು ರಾಶಿ ಬಿದ್ದಿದೆಯಲ್ಲ! ಹೀಗೆ ನೀವು ಕೇಳುತ್ತಿರುವ ದಾಖಲೆಗಳೆಲ್ಲ ವರ್ಷಕ್ಕೊಮ್ಮೆ ಬೊಂಬೆಯ ಹೊಟ್ಟೆ ಸೇರಿ, ಇಡೀ ಬೀದಿಯ ಚಪ್ಪಾಳೆಯ ನಡುವೆ ಬೂದಿಯಾದವು. ನಾನೂರು ವರ್ಷದ ಹಿಂದೆ ಪಾರ್ಲಿಮೆಂಟನ್ನು ಸಿಡಿಸಲು ಹೋಗಿ ಸಿಕ್ಕಿಬಿದ್ದ ಆಸಾಮಿಯ ಬೊಂಬೆ ಅದು. ಪಾಪ, ನಿಮ್ಮ ಕಡತದ ಮಟ್ಟಿಗಾದರೂ ಅವನ ಕೆಲಸ ಕೈಗೂಡಿತು. ಬ್ಯಾಂಕಿನಿಂದ ನಕಲು ತರಿಸಿದೆ. ಲಾರೆನ್ಸ್‌ಗೆ ಹೋದ ಹಣ ಅದರಲ್ಲಿದೆ. ಆದರೆ ಅಮ್ಮ ಮನೆಖರ್ಚನ್ನೆಲ್ಲ ನಗದಿನಲ್ಲಿ ಮಾಡುತ್ತಿದ್ದರು. ಅವರು ಬೆಣ್ಣೆ ಕೊಂಡರೋ ಬಿಟ್ಟರೋ ಎಂದು ಬ್ಯಾಂಕಿಗೇನು ಗೊತ್ತು?

ಆಗ ನೀವು ದೊಡ್ಡ ಮನಸ್ಸು ಮಾಡಿದಿರಿ. ಮೃತರನ್ನು ಹತ್ತಿರದಿಂದ ಬಲ್ಲವರು ‘ಆಕೆಯ ಜೀವನಮಟ್ಟ ಇಳಿದಿರಲಿಲ್ಲ’ ಎಂದು ಬರೆದು ಸಹಿ ಹಾಕಿಕೊಟ್ಟರೆ ಪರಿಗಣಿಸಬಹುದು ಎಂದಿರಿ. ಆ ಹೇಳಿಕೆಯನ್ನು ನಾನೇ ಬರೆದುಕೊಂಡು ಪಕ್ಕದ ಮನೆಯ ಹೇಜಲ್ ಟಾಂಪ್ಸೆಟ್ ಬಳಿಗೆ ಹೋದೆ. ಹೇಜಲ್ ಓದಿ ನೋಡಿ ಪೆನ್ನು ಕೈಗೆತ್ತಿಕೊಂಡರು.

“ಸುಳ್ಳು ಅಂತ ಗೊತ್ತಿದ್ದೇ ಸಹಿ ಹಾಕ್ತಿದೀನಿ. ಲಾರೆನ್ಸ್ ಮುಖ ನೋಡಿ.”

“ಇದ್ರಲ್ಲಿ ಸುಳ್ಳೇನಿದೆ ಹೇಜಲ್?”

“ಅಯ್ಯೋ ಹುಚ್ಚಿ! ನಿಮ್ಮಮ್ಮ ಚಳಿಗಾಲ ಪೂರ್ತಿ ಪದಬಂಧ ಹಿಡ್ಕೊಂಡು ನಮ್ಮನೇಲಿ ಕೂತಿರ್ತಿದ್ದಿದ್ದು ಯಾಕಂದ್ಕೊಂಡೆ? ನನ್ನ ಚೆಂದ ನೋಡೋಕಾ?”

“ನಾನು ಹೋದಾಗೆಲ್ಲ ಅಮ್ಮನ ಮನೆ ಬೆಚ್ಚಗೇ ಇರ್ತಿತ್ತಲ್ಲ?”

“ನೀನು ಬರೋ ಭಾನುವಾರ ಮಾತ್ರ ಹೀಟರ್ ಹಾಕೋಳು. ನಿನ್ನ ಕಾರು ಆ ತಿರುವು ದಾಟಿದ್ದೇ ತಡ, ಆರಿಸೋಳು. ಉಳಿದ ದಿನ ಮನೆಯೊಳಗೂ ಕೋಟು ಹಾಕ್ಕೊಂಡೇ ಇರೋಳು. ಮಕ್ಕಳಿಗೆ ಹೇಳಿದ್ರೆ ನಿನ್ನ ಮನೆ ಮೆಟ್ಟಿಲು ಹತ್ತಲ್ಲ ಅಂತ ನನ್ನ ಬಾಯಿ ಕಟ್ಟಿಹಾಕಿದ್ಲು.”

ಹೇಳುತ್ತಲೇ ಸಹಿ ಹಾಕಿ ಕೊಟ್ಟರು.

ಈಗ ಹೇಳಿ, ಅಧಿಕಾರಿಗಳೇ. ಹಣದ ಮೇಲೆ ಹಣ ಬಿದ್ದಿರುವವರು ಮಕ್ಕಳಿಗೆ ಎಷ್ಟೇ ಸುರಿದರೂ ಅವರ ತಟ್ಟೆಯಲ್ಲಿ ಒಂದು ಆಲೂಗಡ್ಡೆಯೂ ಕಡಿಮೆಯಾಗುವುದಿಲ್ಲ. ಅದಕ್ಕೆ ವಿನಾಯಿತಿ. ಅದನ್ನು ಚೊಕ್ಕವಾಗಿ ಬರೆದಿಡಲು ಸಂಬಳದ ಲೆಕ್ಕಿಗರೂ ಇರುತ್ತಾರೆ. ನನ್ನ ಅಮ್ಮ ಗಡಗಡ ನಡುಗುತ್ತ ಕೊಟ್ಟರು. ಅದಕ್ಕೆ ನೂರಕ್ಕೆ ನಲವತ್ತು ತೆರಿಗೆ! ಈ ಕಾನೂನು ಬರೆದ ಮಹಾನುಭಾವರಿಗೆ ತಾಯಂದಿರು ಇರಲಿಲ್ಲವೇ? ನನಗೆ ಹೊಟ್ಟೆ ಉರಿಯುತ್ತದೆ. ಅಳುವೂ ಬರುತ್ತದೆ.

ಸಹಿಯಾದ ಹೇಳಿಕೆ ನನ್ನ ಕೈಯಲ್ಲಿತ್ತು. ಅಂಚೆಗೆ ಹಾಕಿದ್ದರೆ ನೀವು ಒಪ್ಪಿಬಿಡುತ್ತಿದ್ದಿರೇನೋ. ಅದನ್ನು ಹಿಡಿದುಕೊಂಡು ಲಾರೆನ್ಸ್‌ನ ಬಾಡಿಗೆ ಮನೆಗೆ ಹೋಗಿ, ಹೇಜಲ್ ಹೇಳಿದ್ದನ್ನೆಲ್ಲ ಹೇಳಿದೆ.

“ಹರಿದುಹಾಕು ಅಕ್ಕ,” ಎಂದ. “ಅಮ್ಮಂಗೆ ಏನೂ ಕಮ್ಮಿ ಆಗಿರ್ಲಿಲ್ಲ ಅಂತ ಬರ್ಸಿ ಆ ದುಡ್ಡು ತಿನ್ನೋಕೆ ನನ್ನ ಕೈಲಾಗಲ್ಲ. ಇದಕ್ಕಿಂತ ಚಿಕ್ಕ ಮನೆ ಹುಡುಕು.”

ಹರಿದುಹಾಕಿದೆ. ವಿನಾಯಿತಿಯ ಕೋರಿಕೆಯನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ನಿಮ್ಮ ಹದಿನೈದು ಸಾವಿರವನ್ನು ಎಣಿಸಿ ತೆಗೆದುಕೊಳ್ಳಿ. ನನ್ನದು ಒಂದೇ ಒತ್ತಾಯ. ಆದೇಶದಲ್ಲಿ ‘ಸೂಕ್ತ ದಾಖಲೆಗಳಿಲ್ಲದ ಕಾರಣ’ ಎಂದು ಬರೆಯಕೂಡದು. ‘ಮುರಿಯಲ್ ಪೆನ್‌ಫೋಲ್ಡ್ ಎಂಬಾಕೆ ಮಗನಿಗಾಗಿ ಚಳಿಯಲ್ಲಿ ಕೂತದ್ದು ಸಾಬೀತಾಗಿರುವುದರಿಂದ ತೆರಿಗೆ ವಿಧಿಸಲಾಗಿದೆ’ ಎಂದೇ ಬರೆಯಬೇಕು. ಕೆಳಗೆ ನಿಮ್ಮ ಪೂರ್ತಿ ಹೆಸರಿರಬೇಕು, ಸಹಿಯಿರಬೇಕು.

ಇಂತಿ,
ಭಾನುವಾರ ಭಾನುವಾರ ಬೆಚ್ಚಗೆ ಕೂತು ಉಂಡುಹೋದ ಮಗಳು,
ಆಡ್ರಿ ಪೆನ್‌ಫೋಲ್ಡ್
ಲೂಯಿಸ್, ಸಸೆಕ್ಸ್