ಎತ್ತುವಾಗ ಉಸಿರು ಬಿಡಬೇಕು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಫೋನು ಬಿಟ್ಟು ಪೆನ್ನು ಹಿಡಿದನಲ್ಲ, ಇವನಿಗೇನು ಬಂತು ಎಂದು ಗಾಬರಿಯಾಗಬೇಡ. ಈ ಎರಡು ಕೋಣೆಯ ಮನೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ಅಮ್ಮನಿಗೆ ಕೇಳಿಸುತ್ತದೆ. ಸೋತಿರುವುದು ಅವಳ ಕಾಲು, ಕಿವಿಯಲ್ಲ. ವಿಷಯ ಇಷ್ಟೇ: ನನ್ನ ಹರ್ನಿಯಾ ಆಪರೇಷನ್ನಿಗೆ ತಾರೀಕು ಸಿಕ್ಕಿದೆ, ಮುಂದಿನ ತಿಂಗಳ ಮೊದಲ ವಾರ. ಅದಾದ ಮೇಲೆ ಒಂದೂವರೆ ತಿಂಗಳು ನಾನು ಭಾರ ಎತ್ತುವಂತಿಲ್ಲ. ಆಗ ಅಮ್ಮನನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತುವವರು ಯಾರು? ಉತ್ತರ ನಿನಗೂ ಗೊತ್ತು, ನನಗೂ ಗೊತ್ತು. ಆದರೂ ನಾಲ್ಕು ಮಾತು ಬರೆಯುತ್ತೇನೆ.

"ಹೊಟ್ಟೆ ಕೆಳಗೆ ಗಂಟು ಇಟ್ಕೊಂಡು ಜಿಮ್ಮಿಗೆ ಹೋಗ್ತೀಯಲ್ಲೋ, ತಲೆ ನೆಟ್ಟಗಿದೆಯಾ?" ಎಂದು ಹೋದ ಸಲ ಬೈದೆ. ತಲೆ ನೆಟ್ಟಗಿದೆ, ತೊಡೆಸಂದಿ ಮಾತ್ರ ಸ್ವಲ್ಪ ಸಡಿಲ. ಸರ್ಜನ್ನರನ್ನು ಕೇಳಿಯೇ ಹೋಗುತ್ತಿದ್ದೇನೆ. "ಹಗುರದ್ದು ಎತ್ತಿ, ಉಸಿರು ಕಟ್ಟಬೇಡಿ, ನೋವು ಬಂದ್ರೆ ಅಲ್ಲೇ ಇಳಿಸಿ" ಎಂದರು. ಅಮ್ಮನ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಜಿಮ್ಮು ಒಂದು ಲಾಂಡ್ರಿಯ ಮೇಲಿದೆ. ಮಧ್ಯಾಹ್ನ ಕನ್ನಡಕದ ಅಂಗಡಿಗೆ ಬಾಗಿಲೆಳೆದು ನಾನು ಹೋಗುವ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ. ಕೆಳಗಿನ ಇಸ್ತ್ರಿಯ ಹಬೆ ಕಿಟಕಿಯ ಮುಂದೆ ಮೆಲ್ಲಗೆ ಏರುತ್ತಿರುತ್ತದೆ. ಬಿಸಿಲು ಅದರೊಳಗೆ ಹಾಲಾಗಿ ಬೆರೆತು ನೆಲಕ್ಕಿಳಿಯುತ್ತದೆ. ಗೋಡೆಗೊರಗಿದ ಕಬ್ಬಿಣವೂ ತೂಕಡಿಸುತ್ತಿದೆ ಅನ್ನಿಸುತ್ತದೆ. ನಮ್ಮ ಕೋಚಮ್ಮ, ನನ್ನ ಭುಜದೆತ್ತರದ ಹೆಂಗಸು, ಸ್ಟೂಲಿನ ಮೇಲೆ ಕೂತು ಹೇಳುತ್ತಾಳೆ: "ಮಾತಾಡ್ತಾ ಎತ್ತಿ ಸಾರ್. ಮಾತು ನಿಂತ್ರೆ ಉಸಿರು ಕಟ್ಟಿದೀರಿ ಅಂತ ಲೆಕ್ಕ." ಮಾತಾಡು ಎಂದು ಹೇಳಿದ್ದು ಯಾರಿಗೆ! "ಏಳು ಕಬ್ಬಿಣವೇ ಏಳು, ನನ್ನ ಗೋಳು ಸ್ವಲ್ಪ ಕೇಳು" ಎಂದು ಶುರುಮಾಡಿದೆ. "ಪ್ರಾಸ ಚೆನ್ನಾಗಿದೆ ಕವಿಗಳೇ, ಬಗ್ಗಬೇಕಾದ್ದು ಮಂಡಿ, ಬೆನ್ನಲ್ಲ" ಎಂದಳು.

ಕಲಿತದ್ದನ್ನು ಮನೆಗೆ ತಂದೆ. ಬೆಳಿಗ್ಗೆ ಅಮ್ಮನ ಮುಂದೆ ಮಂಡಿ ಬಗ್ಗಿಸಿ, ಅವಳನ್ನು ಎದೆಗವಚಿಕೊಂಡು, "ಕೈಯ ಹಾಕು ಹೆಗಲಿಗೆ, ಹೋಗಿ ಬರೋಣ ಬಿಸಿಲಿಗೆ" ಎನ್ನುತ್ತ ಎತ್ತುತ್ತೇನೆ. ಪ್ರಾಸ ಮುಗಿಯುವುದರೊಳಗೆ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿರುತ್ತಾಳೆ. ಅಕ್ಕಾ, ವಾರ ಕಳೆದಂತೆ ಅವಳು ಹಗುರಾಗುತ್ತ ಬಂದಳು. ಒಗೆದು ಒಣಗಿಸಿದ ಹೊದಿಕೆಯನ್ನು ಹಗ್ಗದಿಂದ ತೆಗೆದುಕೊಂಡ ಹಾಗೆ. ಒಂದು ದಿನ ಕನಸಿನಲ್ಲಿ ಲಾಂಡ್ರಿಯ ಹಬೆಯ ಮೇಲೆ ಅಮ್ಮ ಕಾಲು ಚಾಚಿ ಕೂತು ತೇಲುತ್ತಿದ್ದಳು, ಮೇಲಿನಿಂದಲೇ "ಸ್ವೆಟರ್ ಹಾಕ್ಕೊಂಡ್ಯಾ?" ಎಂದು ಕೇಳುತ್ತಿದ್ದಳು. ಕೈ ಚಾಚಿದೆ, ಸಿಗಲಿಲ್ಲ. ಎಚ್ಚರವಾದ ಮೇಲೂ ಆ ಹಗುರ ಮೈಯಲ್ಲೇ ಉಳಿದಿತ್ತು. ನನ್ನ ತೋಳನ್ನು ನಾನೇ ಒತ್ತಿ ನೋಡಿ ಬೀಗಿದೆ.

ಕೋಚಮ್ಮನಿಗೂ ಹೇಳಿಕೊಂಡೆ. ಅವಳು ತೋಳು ನೋಡಿದಳು. "ಅಂಥಾದ್ದೇನೂ ಕಾಣ್ತಿಲ್ವಲ್ಲ ಸಾರ್. ನಾನಿನ್ನೂ ತೂಕ ಹಾಕದೆ ಬರೀ ರಾಡು ಎತ್ತಿಸ್ತಿದೀನಿ. ಅಮ್ಮ ಸರಿಯಾಗಿ ಊಟ ಮಾಡ್ತಾರಾ?"

ನಿನ್ನೆ ಅಮ್ಮನ ಕೈಗೆ ತಟ್ಟೆ ಕೊಟ್ಟು, ಹೊರಟ ಹಾಗೆ ನಾಟಕವಾಡಿ, ಬಾಗಿಲ ಸಂದಿಯಲ್ಲಿ ನಿಂತೆ. ಎರಡು ತುತ್ತು ತಿಂದಳು. ಉಳಿದದ್ದನ್ನು ಕಿಟಕಿಯ ಅಂಚಿಗೆ ಸುರಿದಳು. ಪಾರಿವಾಳಗಳು ಕಾಯಂ ಗಿರಾಕಿಗಳ ಗತ್ತಿನಲ್ಲಿ ಬಂದು ಕೂತವು, ಒಂದೊಂದೂ ಹಾರಲಾರದಷ್ಟು ದುಂಡಗೆ.

"ಏನಮ್ಮಾ ಇದು?" ಎಂದೆ.

"ನಿನ್ನ ಗಂಟು ಜಿಮ್ಮಿಂದ ಬಂತು ಅಂದ್ರೆ ನಾನು ನಂಬ್ತೀನೇನೋ? ನನ್ನ ಎತ್ತೀ ಎತ್ತೀನೇ ಬಂದಿದ್ದು. ಆಗೆಲ್ಲ ನನ್ನ ಕಿವಿ ಹತ್ರಾನೇ ನರಳ್ತಿದ್ದೆ. ಈಗ ನೋಡು, ಹಾಡ್ಕೊಂಡು ಎತ್ತುತ್ತೀಯ. ನಾನು ಇನ್ನೊಂಚೂರು ಇಳಿದ್ರೆ ಆ ಆಪರೇಷನ್ನೇ ಬೇಕಾಗಲ್ಲ ನಿನಗೆ."

ಅವಳು ಕರಗುತ್ತಿದ್ದುದನ್ನು ನನ್ನ ಬಲ ಎಂದುಕೊಂಡಿದ್ದೆ, ಅಕ್ಕ. ದಿನವಿಡೀ ಊರವರ ಕಣ್ಣು ಪರೀಕ್ಷಿಸುವವನು ನಾನು. ನಗಬೇಕೆನಿಸಿದರೆ ನಕ್ಕುಬಿಡು.

ಆದ್ದರಿಂದ ಬಾ. ಹಿಂದೆ ಸಿಕ್ಕಿದ್ದ ತಾರೀಕನ್ನು ಆಸ್ಪತ್ರೆಯವರು ಮುಂದೂಡಿದರು ಎಂದಿದ್ದೆನಲ್ಲ, ಮುಂದೂಡಿದ್ದು ನಾನು, ನಿನ್ನನ್ನು ಕರೆಯಲು ಬಾಯಿ ಬರದೆ. ಇದೂ ತಪ್ಪಿದರೆ ಸರದಿಯ ಕೊನೆಗೆ ಹೋಗುತ್ತೇನೆ. ಅಲ್ಲಿಯವರೆಗೆ ಅಮ್ಮ ಕಾಯುವುದಿಲ್ಲ, ಇಳಿಯುತ್ತಲೇ ಇರುತ್ತಾಳೆ. ನಿನ್ನ ಹೊಲಿಗೆ ಯಂತ್ರವನ್ನೂ ತಂದುಬಿಡು, ಮುಂದಿನ ಕೋಣೆಯ ಬೆಳಕು ನಿನ್ನ ಕೆಲಸಕ್ಕೆ ಚೆನ್ನಾಗಿದೆ. ಗಿರಾಕಿಗಳು ಗೊಣಗಿದರೆ, ತಮ್ಮ ಹರಿದಿದ್ದಾನೆ, ಹೊಲಿಸಬೇಕು ಎನ್ನು. ಎತ್ತುವುದನ್ನು ಕೋಚಮ್ಮ ನಿನಗೂ ಹೇಳಿಕೊಡುತ್ತಾಳಂತೆ.

ದಾರಿ ನೋಡುತ್ತಿರುವ, ಸದ್ಯ ಬೆನ್ನು ಮಾತ್ರ ನೆಟ್ಟಗಿರುವ,
ನಿನ್ನ ತಮ್ಮ

ಮರೆತ ಮಾತು: ನೀನು ಬರಲು ಒಪ್ಪಿದ್ದೀಯೆಂದು ಅಮ್ಮನಿಗೆ ಇವತ್ತು ಬೆಳಿಗ್ಗೆಯೇ ಹೇಳಿಬಿಟ್ಟಿದ್ದೇನೆ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ಅವಳ ಕೈ ಗಟ್ಟಿ ಬಿಡು, ಚಿಕ್ಕೋಳಿದ್ದಾಗ ನಿನ್ನನ್ನೇ ಹೊತ್ತು ತಿರುಗ್ತಿದ್ಲು" ಎಂದು ತಟ್ಟೆ ಪೂರ್ತಿ ಖಾಲಿ ಮಾಡಿ, ಇನ್ನೂ ಸ್ವಲ್ಪ ಹಾಕು ಎಂದಳು. ಹಾಕಿದ್ದೇನೆ. ಇನ್ನು ನೀನುಂಟು, ಅವಳುಂಟು.