ಎಡಗೈ ಪಿಟೀಲುಗಾರ

ಕ್ವಾನಾ, ಟೆಕ್ಸಸ್
೧೦ ನವೆಂಬರ್ ೧೯೭೫

ನನ್ನ ಮುದ್ದು ತಮ್ಮ ಡೆಲ್ಬರ್ಟ್,

ಹೇಗಿದ್ದೀಯ? ಅಲಾಸ್ಕಾದ ಚಳಿಗೆ ನಿನ್ನ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ಉಣ್ಣೆಯ ಕಾಲುಚೀಲ ಕಳಿಸಿದ್ದೆ, ಹಾಕಿಕೊಳ್ಳುತ್ತೀಯೋ ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ ದೇವರಿಗೇ ಗೊತ್ತು. ಅಮ್ಮ ಗಟ್ಟಿಯಾಗಿದ್ದಾಳೆ. ಬೀನ್ಸಿಗೆ ಉಪ್ಪು ಸಾಲದೆಂದು ಇವತ್ತೂ ನನ್ನ ಮೇಲೆ ರೇಗಿದಳು.

ನನ್ನ ಪೋಸ್ಟರ್ ಹುಚ್ಚು ನಿನಗೆ ಗೊತ್ತೇ ಇದೆ. ಹಾಡುವ ಕೌಬಾಯ್‌ಗಳ ಹಳೆಯ ಚಿತ್ರದ ಹರಿದ ಕಾಗದ ಸಿಕ್ಕರೂ ನನಗೆ ಹಬ್ಬ. "ನಮ್ಮನೆ ಗೋಡೆ ಯಾವ ಬಣ್ಣ ಅನ್ನೋದೇ ಮರೆತೋಯ್ತು ಕಣೇ" ಎಂದು ನಿನ್ನ ಭಾವ ಕ್ಲೈಡ್ ಅಣಕಿಸುತ್ತಲೇ ಇರುತ್ತಾರೆ. ಹೋದ ಶನಿವಾರ ಚಿಲ್ಡ್ರೆಸ್ ಊರಿನಲ್ಲಿ ಮುಚ್ಚಿಹೋದ ಚಿತ್ರಮಂದಿರವೊಂದರ ಸಾಮಾನು ಹರಾಜಿತ್ತು. ಅಲ್ಲಿ ಒಂದು ಲಾಬಿ ಕಾರ್ಡ್ ಸಿಕ್ಕಿತು, ಬಾಗಿಲ ಒಳಗೆ ತೂಗುಹಾಕುತ್ತಿದ್ದರಲ್ಲ, ಆ ಪುಟ್ಟ ರಟ್ಟು. ಮೂವತ್ತೇಳನೇ ಇಸವಿಯದು. ನಾಯಕ ಬೆಂಕಿಯ ಬಳಿ ಗಿಟಾರ್ ಹಿಡಿದು ಹಾಡುತ್ತಿದ್ದಾನೆ, ಹಿಂದೆ ಒಬ್ಬ ಪಿಟೀಲು ಬಾರಿಸುತ್ತಿದ್ದಾನೆ. ಅವನ ಮುಖ ನೋಡಿ ಕಾರ್ಡನ್ನು ಬೆಳಕಿಗೆ ಹಿಡಿದೆ. ಥೇಟ್ ನಮ್ಮ ಅಪ್ಪ.

ಅದೇ ವರ್ಷವಲ್ಲವೇ ಅಪ್ಪ ಕೆಲಸ ಹುಡುಕಿಕೊಂಡು ಹೋಗಿ, ಬೇಸಿಗೆಯೆಲ್ಲ ಕಳೆದ ಮೇಲೆ ಬರಿಗೈಯಲ್ಲಿ ಬಂದದ್ದು, ಕ್ಯಾಲಿಫೋರ್ನಿಯಾದಲ್ಲಿ ಸಿನಿಮಾಕ್ಕೆ ಪಿಟೀಲು ಬಾರಿಸಿದೆ ಎಂದದ್ದು? ಬಂದ ಚಿತ್ರವನ್ನೆಲ್ಲ ನೋಡಿದೆವು, ಅಪ್ಪ ಎಲ್ಲೂ ಕಾಣಲಿಲ್ಲ. ಯಾವಳದೋ ಬೆನ್ನುಹತ್ತಿ ಹೋಗಿದ್ದನೆಂದೇ ಅಮ್ಮ ನಂಬಿದಳು. ಅವನು ಸಾಯುವವರೆಗೂ ಬಾಯ್ತುಂಬ ಮಾತಾಡಿಸಲಿಲ್ಲ. ನನಗೆ ಈ ಹುಚ್ಚು ಹಿಡಿದದ್ದೂ ಅದಕ್ಕೇ, ಅಪ್ಪ ಹೇಳಿದ್ದು ನಿಜವೋ ಸುಳ್ಳೋ ತಿಳಿಯಬೇಕಿತ್ತು.

ಕಾರ್ಡನ್ನು ಅಮ್ಮನ ಕೈಗಿಟ್ಟೆ. ಕನ್ನಡಕ ಒರೆಸಿಕೊಂಡು ನೋಡಿದಳು. "ಇವನ್ಯಾರೋ ಎಡಚ. ನಿಮ್ಮಪ್ಪ ಬಾರಿಸ್ತಿದ್ದಿದ್ದು ಬಲಗೈಲಿ" ಎಂದು ಪಕ್ಕಕ್ಕಿಟ್ಟಳು. ನಿಜ, ಕಮಾನು ಎಡಗೈಯಲ್ಲೇ ಇದೆ. ನನಗೆ ಅಳುವೇ ಬಂತು. ಆದರೂ ಬಿಸಾಡಲು ಮನಸ್ಸು ಬರದೆ ಅಡುಗೆಮನೆಯಲ್ಲಿ ಒರಗಿಸಿದ್ದೆ. ಮರುದಿನ ಪಾತ್ರೆ ತೊಳೆಯುತ್ತ ನೋಡುತ್ತೇನೆ, ನಾಯಕನೂ ಎಡಗೈಯಲ್ಲೇ ಗಿಟಾರ್ ಮೀಟುತ್ತಿದ್ದಾನೆ! ಇದೇ ಆಸಾಮಿ ನಮ್ಮ ಗೋಡೆಯ ತುಂಬ ಇದ್ದಾನೆ, ಎಲ್ಲದರಲ್ಲೂ ಬಲಗೈ. ಅಚ್ಚಿನವರು ಫೋಟೋವನ್ನು ಮಗುಚಿ ಹಾಕಿಬಿಟ್ಟಿದ್ದಾರೆ. ಚಿತ್ರದ ಹೆಸರನ್ನು ಬೇರೆಯಾಗಿ ಸೇರಿಸಿದ್ದರಿಂದ ಅಕ್ಷರ ಮಾತ್ರ ನೆಟ್ಟಗಿದೆ. ಒದ್ದೆ ಕೈಯಲ್ಲೇ ಕ್ಲೈಡ್ ಗಡ್ಡ ಹೆರೆಯುವ ಕನ್ನಡಿ ತಂದು, ಕಾರ್ಡಿನ ಎದುರಿಗೆ ಹಿಡಿದು ಅಮ್ಮನಿಗೆ ತೋರಿಸಿದೆ.

ಅವಳು ಮುಖ ನೋಡಲಿಲ್ಲ, ಅಂಗಿ ನೋಡಿದಳು. "ಆ ಹೂವಿನ ಜೇಬು ಹಿಟ್ಟಿನ ಚೀಲದ ಬಟ್ಟೇದು. ಅವನು ಹೊರಡೋ ಹಿಂದಿನ ದಿನ ನಾನೇ ಹೊಲಿದಿದ್ದು" ಎಂದಳು. ಊಟಕ್ಕೂ ಏಳದೆ ಕನ್ನಡಿ ಹಿಡಿದು ಕೂತಿದ್ದಳು. ಅಪ್ಪನಿದ್ದ ಆ ದೃಶ್ಯವನ್ನೇ ಚಿತ್ರದಿಂದ ಕತ್ತರಿಸಿದ್ದರೋ ಏನೋ. ಅಪ್ಪ ಸುಳ್ಳುಗಾರನಲ್ಲವೆಂದು ಸಂತೋಷ, ಅಮ್ಮನ ಮುಖ ನೋಡಿದರೆ ಸಂಕಟ.

ಭಾವ ನಿನ್ನನ್ನು ತುಂಬ ಕೇಳಿದರು. ಮೈ ಬೆಚ್ಚಗಿಟ್ಟುಕೋ. ದೇವರು ನಿನ್ನ ಜೊತೆಗಿರಲಿ.

ನಿನ್ನ ಅಕ್ಕ,
ನೇಡೀನ್

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಸ್ಮಶಾನದಲ್ಲಿ ಅಪ್ಪನ ಪಕ್ಕ ಖಾಲಿಯಿರುವ ಜಾಗವನ್ನು ಮಾರಿಬಿಡು ಎಂದು ಅಮ್ಮ ನಿನಗೆ ಬರೆಸಿದ್ದಳಲ್ಲ, ಮಾರಬೇಡ. ಅದು ಅವಳಿಗೆ ಬೇಕಂತೆ.