ಕೆಂಪು ದಾರ ಕಟ್ಟಿದ ಹವಳ

ಮನೆಯಿಂದ
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೊಟ್ಟೆನೋವು ಕಡಿಮೆಯಾಯಿತೆ? ಊಟಕ್ಕೆ ಉಪ್ಪಿಲ್ಲವೆಂದು ನರ್ಸಮ್ಮನ ಮೇಲೆ ರೇಗಬೇಡ. ಗಡ್ಡೆ ತೆಗೆಯುವ ಆಪರೇಷನ್ನಿಗೆ ನೀನಿನ್ನೂ ಸಹಿ ಹಾಕಿಲ್ಲವೆಂದು ಭಾವ ಫೋನಿನಲ್ಲಿ ಹೇಳಿದರು. "ಒಂದ್ಸಲ ಕತ್ತರಿ ಬಿದ್ದ ಮೈ ಮತ್ತೆ ಮೊದಲಿನ ಹಾಗೆ ಆಗಲ್ಲ" ಅಂದೆಯಂತೆ. ಆ ಮಾತು ಕೇಳಿದ ಮೇಲೆ ಇದನ್ನು ಮುಚ್ಚಿಡಲಾರೆ: ನಾನೊಂದು ತಪ್ಪು ಮಾಡಿದ್ದೇನೆ.

ಸಮುದ್ರದ ಜೀವಂತ ಹವಳ ಸಾಕುವ ನಿನ್ನ ಗಾಜಿನ ತೊಟ್ಟಿಯನ್ನು ನನಗೊಪ್ಪಿಸುವಾಗ ನೀನು ಹೇಳಿದ್ದು ಇಷ್ಟೇ: "ಕೈ ಮುಚ್ಚಿ ಬಿಚ್ಚೋ ಹವಳ ನನ್ನದು, ಮುಟ್ಟಬೇಡ. ಸುಮ್ಮನೆ ತೂಗಾಡೋ ಇನ್ನೊಂದು ಹವಳ ಕಲ್ಲೆಲ್ಲ ಹಬ್ಬತ್ತೆ, ಅದನ್ನ ವಾರಕ್ಕೊಮ್ಮೆ ಕತ್ತರಿಸು." ಎರಡೂ ಮೆತ್ತಗೆ, ಎರಡೂ ಮಾಸಲು ಬಿಳಿ, ಎರಡಕ್ಕೂ ಪುಟ್ಟ ಪುಟ್ಟ ಬೆರಳು. ನಿನ್ನ ತಂಗಿ ದರ್ಜಿಯಲ್ಲವೆ? ಒಂದೇ ಥರದ ಎರಡು ಅಂಗಿ ಬಂದರೆ ಒಂದಕ್ಕೆ ದಾರ ಕಟ್ಟುತ್ತೇನೆ. ಆಮೇಲೆ ಅಂಗಿ ನೋಡುವುದಿಲ್ಲ, ದಾರ ನೋಡುತ್ತೇನೆ. ಹಾಗೆಯೇ ಕತ್ತರಿಸಬೇಕಾದ ಹವಳದ ಕಲ್ಲಿಗೆ ಕೆಂಪು ದಾರ ಕಟ್ಟಿದೆ. ಅದೂ ನೀರು ಬದಲಿಸಿದ ದಿನ, ಎರಡೂ ಮುನಿಸಿಕೊಂಡು ಮುದುಡಿ ಕೂತಿದ್ದಾಗ. ದಾರ ಬಿದ್ದದ್ದು ನಿನ್ನ ಹವಳದ ಕಲ್ಲಿಗೆ. ಮೂರು ವಾರ, ಅಂಗಡಿ ತೆರೆಯುವ ಅವಸರದಲ್ಲಿ, ತೊಟ್ಟಿಯ ದೀಪ ಹಾಕುವ ಮೊದಲೇ ನಿನ್ನದನ್ನೇ ಕತ್ತರಿಸಿದೆ. "ನಿನ್ನ ಹವಳ ಚೆನ್ನಾಗಿದೆ" ಎಂದು ಬರೆದಿದ್ದೆನಲ್ಲ, ಅದೂ ದಾರವಿಲ್ಲದ ಕಲ್ಲನ್ನು ನೋಡಿಯೇ.

ಫಿಲ್ಟರ್ ಸರಿಮಾಡಲು ಬಂದ ಮೀನಿನ ಅಂಗಡಿಯವರು ನೋಡಿ ಹಣೆ ಚಚ್ಚಿಕೊಂಡರು. "ಬೆರಳು ನೋಡಬೇಡಿ ಅಮ್ಮಾ, ಬುಡ ನೋಡಿ. ಇದಕ್ಕೆ ಒಂದೇ ದಪ್ಪ ಕಾಂಡ, ಅದರ ತಲೆ ಮೇಲೆ ಎಲ್ಲಾ ಕೈ. ಆ ಇನ್ನೊಂದರಲ್ಲಿ ಒಂದೊಂದು ಕೈಯೂ ಕಲ್ಲಿಂದಲೇ ಬೇರೆ ಬೇರೆ ಏಳತ್ತೆ." ಕಾಂಡವಿದ್ದದ್ದು ನಿನ್ನದು. ಉಳಿದಿದ್ದು ಹೆಬ್ಬೆರಳಿನಷ್ಟು ಮೋಟು. ಅವತ್ತು ಹೊಲಿಗೆ ಮಿಷನ್ ಮುಂದೆ ಕೂತು ಅತ್ತುಬಿಟ್ಟೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ನೀನು. ಇಷ್ಟು ವರ್ಷದಲ್ಲಿ ನೀನು ನನ್ನಿಂದ ಕೇಳಿದ್ದು ಇದೊಂದೇ ಕೆಲಸ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಬೈಯುವುದಿದ್ದರೆ ಹೊಟ್ಟೆತುಂಬ ಬೈದು ಬರೆ, ಮಾತು ಮಾತ್ರ ಬಿಡಬೇಡ.

ನಿನ್ನ ಕೈಯಲ್ಲೇ ಬೆಳೆದ
ತಂಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ತೊಟ್ಟಿಯ ದೀಪ ಹಾಕಿದೆ. ಅಕ್ಕಾ, ಮೋಟಿನ ತಲೆಯ ಮೇಲೆ ಏಳು ಹೊಸ ಕೈ! ಅಕ್ಕಿಕಾಳಿನಷ್ಟು ಇವೆ, ಮುಚ್ಚುತ್ತಿವೆ, ಬಿಚ್ಚುತ್ತಿವೆ. ಮೂರು ಸಲ ಕತ್ತರಿ ಬಿದ್ದ ಮೈ ಅದು, ಅದೂ ನನ್ನಂಥವಳ ಕೈಯಿಂದ. ನಿನಗೆ ಸಿಕ್ಕಿರುವವರು ಕಲಿತ ಡಾಕ್ಟರು. ಸಹಿ ಹಾಕು. ಗುರುವಾರ ಬರುತ್ತೇನೆ. ನಿನ್ನನ್ನು ಒಳಗೆ ಕರೆದೊಯ್ಯುವ ಮೊದಲು ಕೈಗೆ ಕಟ್ಟಿದ ಹೆಸರಿನ ಪಟ್ಟಿಯನ್ನು ನಾನೇ ಓದುತ್ತೇನೆ, ಆಮೇಲೆ ನಿನ್ನ ಮುಖವನ್ನೂ ನೋಡುತ್ತೇನೆ.